ಚಿಪ್ಪು ಹೊರುವ ಮೀನು

"ತಟ್ಟಬೇಡಿ."

ಹಿಂದಿನಿಂದ ಬಂದ ಕೈಯೊಂದು ಅವಳ ಮಣಿಕಟ್ಟನ್ನು ಹಿಡಿದು ನಿಲ್ಲಿಸಿತು. ಹೆಬ್ಬೆರಳಿನ ಬೆಳ್ಳಿಯುಂಗುರ ಮೀನಿನ ತೊಟ್ಟಿಯ ಗಾಜಿಗೆ ತಗಲಲು ಕೂದಲೆಳೆಯಷ್ಟೇ ಜಾಗ ಉಳಿದಿತ್ತು.

ಅವಳು ಬೆಚ್ಚಿ ತಿರುಗಿದಳು. ಎದುರಿಗೆ ಒಬ್ಬ ಗಂಡಸು: ತೋಳು ಮೊಣಕೈವರೆಗೆ ಒದ್ದೆ, ಅಂಗಿಯ ಮೇಲೆಲ್ಲ ಪಾಚಿಯ ಕಲೆ, ಬಾಚದ ತಲೆ. ಅವನೂ ಆಗಷ್ಟೇ ತನ್ನ ಕೈ ಎಲ್ಲಿದೆ ಎಂದು ನೋಡಿದವನಂತೆ ಥಟ್ಟನೆ ಬಿಟ್ಟುಬಿಟ್ಟ.

"ತಪ್ಪು ತಿಳ್ಕೋಬೇಡಿ. ನಮಗೆ ಅದು ಟಕ್ ಅನ್ನೋ ಸಣ್ಣ ಸದ್ದು. ಅವಕ್ಕೆ ಮನೆ ಮೇಲೆ ಸಿಡಿಲು ಬಿದ್ದ ಹಾಗೆ."

ಅವಳು ಉಂಗುರವನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು.

ಆ ಉಂಗುರ ಅಣ್ಣನದು. ದಿನಾ ಸಂಜೆ ಮೀನಿಗೆ ಊಟ ಹಾಕುವ ಮುಂಚೆ ಅಣ್ಣ ಇದೇ ಉಂಗುರದಿಂದ ಗಾಜಿಗೆ ಎರಡು ಸಲ ತಟ್ಟುತ್ತಿದ್ದ. ಟಕ್... ಟಕ್. ಈಗ ಅಣ್ಣ ಇಲ್ಲ. ಜ್ವರ ಎಂದು ಆಸ್ಪತ್ರೆಗೆ ಸೇರಿದವನು ಮನೆಗೆ ಬರಲಿಲ್ಲ. ಬಂದದ್ದು ಉಂಗುರ, ಗಡಿಯಾರ, ಮಡಿಸಿದ ಬಟ್ಟೆ.

ಆದರೆ ಟಕ್ ಟಕ್ ಮಾತ್ರ ನಿಂತಿರಲಿಲ್ಲ.

ಸಂಜೆ ಅಕ್ವೇರಿಯಂ ದೀಪ ಆರಿಸಿ, ಹಾಲಿನಲ್ಲಿ ಇನ್ನೂ ಲೈಟು ಹಾಕುವ ಮುಂಚೆ ಒಂದು ಮಬ್ಬು ಹೊತ್ತಿರುತ್ತದಲ್ಲ, ಆಗ ಕೇಳುತ್ತಿತ್ತು. ಬೆತ್ತದ ಕುರ್ಚಿಯಲ್ಲಿ ಕೂತ ಅಮ್ಮ ತಲೆಯೆತ್ತಿ "ಬಂದ" ಎನ್ನುತ್ತಿದ್ದಳು, ಮಗ ಆಫೀಸಿನಿಂದ ಬಂದ ಎನ್ನುವಷ್ಟು ಸಹಜವಾಗಿ. ಇವಳು ಓಡಿಹೋಗಿ ಲೈಟು ಹಾಕಿದರೆ ನೀರಿನ ನಡುವೆ ಅಣ್ಣ ಸಾಕಿದ್ದ ಬೂದು ಮೀನೊಂದೇ ಅಲುಗಾಡದೆ ನಿಂತಿರುತ್ತಿತ್ತು.

ಅವಳಿಗೆ ದೆವ್ವಭೂತದಲ್ಲಿ ನಂಬಿಕೆಯಿರಲಿಲ್ಲ. ಆದರೂ ಸಂಜೆಯಾದರೆ ಕಿವಿ ತಾನಾಗಿಯೇ ಹಾಲಿನ ಕಡೆಗೆ ತಿರುಗುತ್ತಿತ್ತು.

ಈಗ ಆ ಮೀನು ಊಟ ಬಿಟ್ಟಿತ್ತು. ತುಟಿಯ ಹತ್ತಿರ ಗಾಯ. ಇದೂ ಹೋದರೆ... ಆ ಸದ್ದೂ ಹೋದರೆ? ಸದ್ದು ಕೇಳಿದ ಮೇಲೆಯೇ ಎದ್ದು ತಟ್ಟೆ ಹಾಕಿಕೊಳ್ಳುವ ಅಮ್ಮನ ಗತಿ? ಆ ಭಯದಿಂದಲೇ ಅವಳು ಫೋನಿನಲ್ಲಿ ಫೋಟೋ ಹಿಡಿದು ಊರಿನ ಮೀನಿನ ಅಂಗಡಿಗಳನ್ನೆಲ್ಲ ಸುತ್ತಿದ್ದಳು. ಒಬ್ಬೊಬ್ಬರದು ಒಂದೊಂದು ಹೆಸರು. ಒಬ್ಬನಂತೂ, ಹುರಿದರೆ ಇಬ್ಬರಿಗೆ ಸಾಕಾಗುತ್ತದೆ ಎಂದು ಹಲ್ಲು ಕಿರಿದಿದ್ದ. ಕೊನೆಗೊಬ್ಬ ಮುದುಕ, ಸೈಕಲ್ ಅಂಗಡಿಯ ಹಿಂದಿನ ನೆಲಮಾಳಿಗೆಗೆ ಹೋಗಿ 'ನಾಳೆರಾಯ'ನನ್ನು ಕೇಳು ಎಂದಿದ್ದ. ಯಾರಿಗೂ ಸಿಗದ ಮೀನನ್ನು ಹುಡುಕಿಕೊಡುವವನು ಅವನೇ. ಆದರೆ ಏನು ಕೇಳಿದರೂ ಅವನ ಬಾಯಲ್ಲಿ ಒಂದೇ ಮಾತು, ನಾಳೆ ನೋಡೋಣ.

ಆ ನಾಳೆರಾಯ ಈಗ ಅವಳ ಫೋನನ್ನು ಮೂಗಿಗೇ ತಾಗುವಷ್ಟು ಹತ್ತಿರ ಹಿಡಿದಿದ್ದ.

ಕಣ್ಣು ಸರಿಯಿಲ್ಲ ಇವನಿಗೆ, ಎಂದುಕೊಂಡಳು ಅವಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಕೂರಿಸುವುದು ಅವಳ ಕೆಲಸ. ಯಾರನ್ನು ನೋಡಿದರೂ ಮೊದಲು ಕಣ್ಣು ನೋಡುವ ಚಟ.

"ಮೀನು ಇರಲಿ," ಎಂದ ಅವನು. "ಈ ಮೂಲೆಯಲ್ಲಿ ಬಸವನಹುಳದ ಚಿಪ್ಪು ರಾಶಿ ಇದೆಯಲ್ಲ, ಇದನ್ನ ಹೀಗೆ ಜೋಡಿಸಿದೋರು ಯಾರು?"

"ಅಣ್ಣ ಹಾಕಿದ್ದು. ಮರಳಿನ ಮೇಲೆ ಅಲ್ಲೊಂದು ಇಲ್ಲೊಂದು ಹರಡಿದ್ದ..."

ಹೌದಲ್ಲ. ಅಣ್ಣ ಹರಡಿದ್ದ. ರಾಶಿ ಮಾಡಿರಲಿಲ್ಲ. ಅಮ್ಮ ಆ ನೀರಿಗೆ ಕೈ ಹಾಕಿದವಳಲ್ಲ. ತಾನೂ ಹಾಕಿರಲಿಲ್ಲ. ಹಾಗಾದರೆ ಯಾರು... ಅವಳು ಫೋನಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು.

"ಹೆದರ್ಕೋಬೇಡಿ. ನಿಮ್ಮ ಮೀನೇ ಹೊತ್ತಿರೋದು."

ಆಮೇಲೆ ಅವನು ಸ್ಟೂಲಿನ ಮೇಲೆ ಕೂತು ನಿಧಾನವಾಗಿ ವಿವರಿಸಿದ. ಆಫ್ರಿಕಾದಲ್ಲಿ ಟ್ಯಾಂಗನಿಕಾ ಎಂಬ ಸಮುದ್ರದಂಥ ಸರೋವರವಿದೆ. ಅಲ್ಲಿ ಸಿಕ್ಲಿಡ್ ಕುಲದ ಮೀನುಗಳು ಲೆಕ್ಕವಿಲ್ಲದಷ್ಟು ಬಗೆ. ಇದು ಅವುಗಳಲ್ಲಿ ಒಂದು, ಲ್ಯಾಂಪ್ರೊಲೋಗಸ್ ಕ್ಯಾಲಿಪ್ಟೆರಸ್. ಬಣ್ಣವಿಲ್ಲ, ಬೆಡಗಿಲ್ಲ, ಹಾಗಾಗಿ ಯಾರೂ ತರಿಸುವುದಿಲ್ಲ. ಬೇರೆ ಮೀನಿನ ಜೊತೆ ಗುಂಪಿನಲ್ಲಿ ತಪ್ಪಿ ಬಂದಿರಬೇಕು. ಗಂಡು ಅಂಗೈಯುದ್ದ. ಖಾಲಿ ಚಿಪ್ಪುಗಳನ್ನು ಒಂದೊಂದಾಗಿ ಬಾಯಲ್ಲಿ ಕಚ್ಚಿ ತಂದು ಒಂದೆಡೆ ಕೂಡಿಹಾಕುವುದು ಅದರ ಸ್ವಭಾವ.

"ಹಾಕೋವಾಗ ಚಿಪ್ಪು ಗಾಜಿಗೆ ತಗಲುತ್ತೆ. ದೀಪ ಆರಿಸಿದ ಮೇಲೆ ಟಕ್ ಟಕ್ ಅಂತ ಕೇಳ್ಸಿರಬೇಕಲ್ವಾ?"

ಅವನೇನೋ ಸಲೀಸಾಗಿ ಕೇಳಿಬಿಟ್ಟ. ಅವಳು ಅಲ್ಲಿದ್ದ ಬಕೆಟ್ಟಿನ ಮೇಲೆ ಕುಸಿದು ಕೂತಳು.

ಅಣ್ಣ ಅಲ್ಲ. ಅಣ್ಣ ಬರುತ್ತಿರಲಿಲ್ಲ. ಇಷ್ಟು ದಿನವೂ... ಅದು ಅಣ್ಣ ಆಗಿರಲೇ ಇಲ್ಲ.

ಒಬ್ಬನನ್ನೇ ಎರಡು ಸಲ ಕಳೆದುಕೊಳ್ಳಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ.

ಗೊತ್ತಿಲ್ಲದ ಆ ಮನುಷ್ಯನ ಮುಂದೆ ಅವಳು ಎಲ್ಲವನ್ನೂ ಹೇಳಿದಳು: ಉಂಗುರದ ವಿಷಯ, ಅಮ್ಮನ 'ಬಂದ', ತನ್ನ ಭಯ. ಅಮ್ಮನಿಗೆ ಮಾತ್ರ ಇದು ಗೊತ್ತಾಗಕೂಡದು ಎಂದಾಗ ತಲೆಯಾಡಿಸಿದ.

"ಅಷ್ಟು ಚಿಪ್ಪು ಯಾಕೆ ಕೂಡಿಹಾಕುತ್ತೆ ಅದು?" ಎಂದು ಕೊನೆಗೆ ಕೇಳಿದಳು.

"ಹೆಣ್ಣಿಗೆ. ಹೆಣ್ಣು ಇಷ್ಟೇ ಇರುತ್ತೆ." ಕಿರುಬೆರಳಿನ ತುದಿಯಿಂದ ಎರಡನೇ ಗೆಣ್ಣಿನವರೆಗೆ ಅಳೆದು ತೋರಿಸಿದ. "ಚಿಪ್ಪಿನೊಳಗೇ ಮನೆ, ಅಲ್ಲೇ ಮೊಟ್ಟೆ, ಮರಿ."

"ನಮ್ಮಲ್ಲಿ ಹೆಣ್ಣಿಲ್ಲ."

"ಗೊತ್ತು. ಅದಕ್ಕೇ ರಾಶಿ ಅಷ್ಟು ದೊಡ್ಡದಾಗಿದೆ."

ಅವಳು ಕಣ್ಣೊರೆಸಿಕೊಂಡು ಎದ್ದಳು. ಒಂದು ಹೆಣ್ಣು ಸಿಗಬಹುದೇ ಎಂದು ಕೇಳಿದಳು. ಅವನು ಅವಳನ್ನೊಮ್ಮೆ, ಫೋನಿನ ಬೂದು ಮೀನನ್ನೊಮ್ಮೆ ನೋಡಿದ.

"ನಾಳೆ ನೋಡೋಣ."

ಹೆಸರಿಗೆ ತಕ್ಕ ಉತ್ತರ! ಆದರೆ ಮರುದಿನವೇ ಅವನು ನೀರು ಪರೀಕ್ಷಿಸುವ ಪೆಟ್ಟಿಗೆ ಹಿಡಿದು ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

ಗಾಯದ ಗುಟ್ಟು ಬೇಗ ಬಯಲಾಯಿತು. ಒಂದು ಚಿಪ್ಪಿನ ಅಂಚು ಒಡೆದು ಬ್ಲೇಡಿನಂತಾಗಿತ್ತು. ಅದನ್ನೇ ಮೀನು ಮತ್ತೆಮತ್ತೆ ಕಚ್ಚಿ ಹೊತ್ತಿತ್ತು. ಅವನು ಅವಳ ಉಗುರು ಉಜ್ಜುವ ಕಡ್ಡಿ ಇಸಿದುಕೊಂಡು ಹಾಲಿನ ನೆಲದ ಮೇಲೆ ಕೂತು ಅಂಚನ್ನು ನುಣುಪಾಗಿಸಿದ. ಅಮ್ಮ ಕುರ್ಚಿಯಿಂದ ಬಗ್ಗಿ ನೋಡುತ್ತಿದ್ದಳು.

"ಇಲ್ಲಿ ಸಂಜೆ ಒಂದು ಸದ್ದಾಗುತ್ತೆ ಕಣಪ್ಪಾ. ನಿನಗೂ ಕೇಳಿಸುತ್ತೇನೋ ನೋಡು."

ಅವಳು ಅಮ್ಮನ ಬೆನ್ನ ಹಿಂದಿನಿಂದ ಬೇಡ ಎಂದು ಕೈಯಾಡಿಸಿದಳು. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಕೇಳಿಸಿದ್ರೆ ಖಂಡಿತ ಹೇಳ್ತೀನಮ್ಮ."

ಆ ಸಂಜೆ ಕೇಳಿಸಿತು. ಅಮ್ಮ "ಬಂದ" ಎಂದಳು. ಅವನು ಸುಮ್ಮನೆ ತಲೆಬಾಗಿಸಿದ, ನಿಜವಾಗಿಯೂ ಯಾರೋ ಒಳಗೆ ಬಂದರೆ ಬಾಗಿಸುವ ಹಾಗೆ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ, ನೀರು ಸುರಿಯುತ್ತಿದ್ದಂತೆ ಹಾಗೇ ನಿಂತುಬಿಟ್ಟಳು.

ಅಂದಿನಿಂದ ಅವನು ಬರುವುದು ರೂಢಿಯಾಯಿತು. ಹೆಣ್ಣು ಹುಡುಕುವುದು ಸುಲಭದ ಮಾತಾಗಿರಲಿಲ್ಲ. ಚಿಪ್ಪಿನಲ್ಲಿ ಬಾಳುವ ಸಣ್ಣ ಮೀನು ಎಂದರೆ ವ್ಯಾಪಾರಿಗಳಿಗೆ ಎಲ್ಲವೂ ಒಂದೇ. ಮೊದಲು ಬಂದದ್ದಕ್ಕೆ ಮೈತುಂಬ ಪಟ್ಟೆ. ಆಮೇಲೆ ಬಂದದ್ದಕ್ಕೆ ಕೆನ್ನೆಯ ಮೇಲೆ ಚಿನ್ನದಂಚಿನ ಚುಕ್ಕೆ. ಎರಡನ್ನೂ ಅವನು ವಾಪಸು ಕಳಿಸಿದ. ಇನ್ನೊಂದು ಸರಿಯಾದ ಜಾತಿಯದೇ ಎಂದು ಅವಳಿಗೆ ಅನಿಸಿತ್ತು. ಅವನು ಬಹಳ ಹೊತ್ತು ನೋಡಿ, ಇದು ಹೆಣ್ಣಲ್ಲ, ಇನ್ನೂ ಬೆಳೆಯದ ಗಂಡು, ಒಳಗೆ ಬಿಟ್ಟರೆ ದೊಡ್ಡದು ಕಚ್ಚಿ ಬೆಳಗಾಗುವಷ್ಟರಲ್ಲಿ ಸತ್ತಿರುತ್ತದೆ ಎಂದ.

"ಕಣ್ಣು ಕಾಣದೆ ಇಷ್ಟೆಲ್ಲ ಹೇಗೆ ಕಂಡುಹಿಡೀತೀರಿ?" ಎಂದು ಅವಳು ರೇಗಿಸಿದಳು.

ಮುಂದಿನ ಸಲ ಬಂದಾಗ ಅವನ ಮುಂದೆ ಒಂದು ಕನ್ನಡಕ ಇಟ್ಟಳು. ಅವನು ಫೋನು ಹಿಡಿಯುವ ದೂರ ನೋಡಿಯೇ ಪವರ್ ಅಂದಾಜಿಸಿ, ಊಟದ ಬಿಡುವಿನಲ್ಲಿ ತಾನೇ ಗಾಜು ಉಜ್ಜಿ ಕೂರಿಸಿದ್ದು. ಅವನು ಹಾಕಿಕೊಂಡು ಅಕ್ವೇರಿಯಂ ಕಡೆ ನೋಡಲಿಲ್ಲ. ಅವಳ ಮುಖವನ್ನೇ ನೋಡಿದ, ಬಹಳ ಹೊತ್ತು, ಹೆಸರು ಗೊತ್ತಿರದ ಮೀನನ್ನು ನೋಡುವಂತೆ.

"ಏನಾಯ್ತು, ಸರಿಯಾಗಿ ಕಾಣಿಸ್ತಿಲ್ವಾ?"

"ಕಾಣಿಸ್ತಿದೆ," ಎಂದ. "ಅದೇ ತೊಂದರೆ ಆಗಿರೋದು."

ಒಳಗಿನಿಂದ ಅಮ್ಮ ಸುಳ್ಳೇ ಕೆಮ್ಮಿದಳು.

ಅದಾದ ಮೇಲೆ ಅವನು ಕೆಲವು ದಿನ ಕಾಣಲಿಲ್ಲ. ದೂರದೂರಿನ ಯಾರೋ ಮೀನು ಸಾಕುವವರ ಹತ್ತಿರ ಒಂದು ಹೆಣ್ಣಿದೆಯೆಂದು ಕೇಳಿ ಬಸ್ಸು ಹತ್ತಿದ್ದ. ಒಂದು ಮಧ್ಯಾಹ್ನ ಕನ್ನಡಕದ ಅಂಗಡಿಗೆ ಫೋನ್ ಬಂತು. ಹೆಣ್ಣು ಸಿಕ್ಕಿತು, ಈಗಲೇ ನಿಮ್ಮ ಮನೆಗೆ ಹೋಗಿ ನೀರಿಗೆ ಬಿಡುತ್ತೇನೆ ಎಂದ. ಅವನ ದನಿಯಲ್ಲಿ ನಿದ್ದೆಗೆಟ್ಟ ಸಂತೋಷವಿತ್ತು. ಅವಳು ಉತ್ತರ ಹೇಳುವ ಮೊದಲೇ ಬಸ್ಸಿನ ಗದ್ದಲದಲ್ಲಿ ಫೋನ್ ಕಟ್ಟಾಯಿತು.

ಅವಳು ಮನೆಗೆ ಓಡಿ ಬಂದಾಗ ಯಾರೂ ಇರಲಿಲ್ಲ. ಅಮ್ಮ ಪಕ್ಕದ ಮನೆಗೆ ಹೋಗಿದ್ದಳು. ಅಕ್ವೇರಿಯಂ ಮುಂದೆ ಮಂಡಿಯೂರಿ ಹುಡುಕಿದಳು. ಬೂದು ಗಂಡು ಮೀನು ಒಂದು ಮೂಲೆಯಲ್ಲಿ ನಿಂತಿತ್ತು. ಎದುರಿಗೆ ಮರಳಿನ ಮೇಲೆ ಹೊಸದೊಂದು ಕಂದು ಚಿಪ್ಪು. ಮತ್ತೇನೂ ಇಲ್ಲ.

ತಡೆಯಲಾಗಲಿಲ್ಲ. ತೋಳು ಮಡಿಸಿ ಕೈಹಾಕಿ ಚಿಪ್ಪನ್ನು ಎತ್ತಿದಳು. ಕೆಲಸದಲ್ಲಿ ಗಾಜನ್ನು ಹಿಡಿಯುವಂತೆ ಬಾಯಿ ಮೇಲಾಗಿ ಟ್ಯೂಬ್‌ಲೈಟಿನ ಬೆಳಕಿಗೆ ಹಿಡಿದು ಇಣುಕಿದಳು. ಒಳಗೆ ಸುರುಳಿ ಸುತ್ತಿ ಹೋದ ಕತ್ತಲು. ಅಷ್ಟೇ.

ಖಾಲಿ.

ಮೆಲ್ಲಗೆ ಅದನ್ನು ಮೊದಲಿದ್ದಲ್ಲೇ ಇಟ್ಟಳು. ಅಮ್ಮ ಬಂದು, "ಹಾಕಿಹೋದ ನೋಡು ಪುಣ್ಯಾತ್ಮ, ಕೂರೋಕೂ ಇಲ್ಲ, ಕಣ್ಣೆಲ್ಲ ಕೆಂಪಾಗಿತ್ತು" ಎಂದಾಗ ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು. ನಾಳೆ ಹೊರಗೆ ಬರಬಹುದು, ನಾಡಿದ್ದು ಬರಬಹುದು...

ಬರಲಿಲ್ಲ.

ಬರುವುದಿರಲಿ, ಆ ಸಂಜೆಯಿಂದ ಸದ್ದೂ ನಿಂತುಹೋಯಿತು. ಗಂಡು ಮೀನು ಆ ಚಿಪ್ಪಿನ ಮುಂದೆ ಕಲ್ಲಿನಂತೆ ನಿಂತುಬಿಟ್ಟಿತು. ಹೊರುವುದಿಲ್ಲ, ತಿರುಗುವುದಿಲ್ಲ. ಮಬ್ಬು ಹೊತ್ತಿನಲ್ಲಿ ಹಾಲ್ ಮೊದಲ ಸಲ ಪೂರ್ತಿ ನಿಶ್ಶಬ್ದವಾಯಿತು. ಅಮ್ಮ ಕುರ್ಚಿಯಲ್ಲಿ ತಲೆಯೆತ್ತಲಿಲ್ಲ, 'ಬಂದ' ಎನ್ನಲಿಲ್ಲ.

ವಾರ ಕಳೆಯುವಷ್ಟರಲ್ಲಿ ಅವಳು ನೆಲಮಾಳಿಗೆಯ ಮೆಟ್ಟಿಲಿಳಿದಳು.

ಅವಳನ್ನು ಕಂಡು ಅವನ ಮುಖ ಅರಳಿತು. ಮೂಗಿನ ಮೇಲೆ ಅವಳು ಕೊಟ್ಟ ಕನ್ನಡಕ.

"ಹೊರಗೆ ಬಂದ್ಲಾ?"

"ಯಾರು?"

"ತುಂಬಾ ಪುಕ್ಕಲು ಅದು. ಒಳಗೇ ಇರುತ್ತೆ, ಸ್ವಲ್ಪ ತಾಳ್ಮೆ..."

"ಸಾಕು ಮಾಡಿ," ಎಂದಳು ಅವಳು. "ಬಂದ ದಿನವೇ ನಾನು ಚಿಪ್ಪನ್ನ ಎತ್ತಿ ಬೆಳಕಿಗೆ ಹಿಡಿದು ನೋಡಿದೀನಿ. ಏನೂ ಇರಲಿಲ್ಲ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

"ಎತ್ತಿದ್ರಾ? ನೀರಿನಿಂದ... ಹೊರಗೆ?"

"ಹೌದು. ಹೊರಗೆ."

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆಮೇಲೆ ಅವಳನ್ನು ನೋಡದೆ ಹೇಳಿದ:

"ಖಾಲಿ ಚಿಪ್ಪೇ ಅದು. ಹೆಣ್ಣು ಸಿಗಲಿಲ್ಲ. ನಾನೇ ಮೋಸ ಮಾಡಿದೆ. ಕ್ಷಮಿಸಿ."

ಅವನು ಇಲ್ಲ ಎನ್ನಲಿ ಎಂದೇ ಅವಳು ಬಂದಿದ್ದಳು. ಜಗಳವಾಡಲಿ, ರೇಗಲಿ, ನಿಮಗೇನು ಗೊತ್ತು ಎನ್ನಲಿ... ಆದರೆ ಅವನು ಒಪ್ಪಿಕೊಂಡುಬಿಟ್ಟ.

"ಕನ್ನಡಕ ಕೊಟ್ಟಿದ್ದು ನಿಮಗೆ ಕಣ್ಣು ಕಾಣಲಿ ಅಂತ," ಎಂದಳು. "ನೀವು ನನ್ನ ಕಣ್ಣಿಗೇ ಮಣ್ಣೆರಚಿದ್ರಿ."

ಅವನು ಕನ್ನಡಕವನ್ನು ಮಡಿಸಿ ಅವಳ ಮುಂದೆ ಮೇಜಿನ ಮೇಲಿಟ್ಟ. ಅವಳು ತೆಗೆದುಕೊಳ್ಳದೆ ಮೆಟ್ಟಿಲು ಹತ್ತಿದಳು.

ಆಮೇಲಿನ ದಿನಗಳಲ್ಲಿ ಅವಳು ಅಂಗಡಿಗೆ ಹೋದಳು, ಬಂದಳು. ತಟ್ಟೆ ಮುಂದೆ ಕೂತು ಅನ್ನ ಕಲಸಿ ಎದ್ದುಹೋದಳು. ಅಣ್ಣನೂ ಇಲ್ಲ, ಅಣ್ಣನ ಸದ್ದೂ ಇಲ್ಲ, ಅವನೂ ಇಲ್ಲ. ಹಾಲಿನಲ್ಲಿ ಕಲ್ಲಿನಂತೆ ನಿಂತ ಮೀನು, ಅದರ ಮುಂದೆ ಖಾಲಿ ಚಿಪ್ಪು. ಅದು ಯಾರನ್ನು ಕಾಯುತ್ತಿದೆ? ಅದನ್ನು ನೋಡಿದಾಗಲೆಲ್ಲ ತನ್ನನ್ನೇ ನೋಡಿದಂತಾಗಿ ಮುಖ ತಿರುಗಿಸುತ್ತಿದ್ದಳು.

ಒಂದು ರಜೆಯ ಬೆಳಗ್ಗೆ ಅಮ್ಮ ಕರೆದಳು.

"ಬಾರೇ ಇಲ್ಲಿ. ನಿನ್ನ ಕಣ್ಣು ಚುರುಕು, ನೋಡು. ಅದೇನು ಚಿಪ್ಪಿನ ಬಾಯಲ್ಲಿ ಧೂಳಿನ ಹಾಗೆ?"

ಅವಳು ಬಗ್ಗಿದಳು. ಧೂಳಲ್ಲ. ಧೂಳಿಗೆ ಕಣ್ಣಿರುವುದಿಲ್ಲ. ಸೂಜಿಮೊನೆಯಷ್ಟು ಮರಿಗಳು ಚಿಪ್ಪಿನ ಬಾಯಂಚಿನಲ್ಲಿ ಮಿಣಮಿಣ ಎನ್ನುತ್ತಿದ್ದವು. ಅವುಗಳ ಹಿಂದೆ ಕತ್ತಲೊಳಗಿಂದ ಒಂದು ಪುಟ್ಟ ಮೂತಿ ಹೊರಬಂದು ಸುತ್ತ ನೋಡಿ ಮತ್ತೆ ಒಳಹೋಯಿತು.

"ಅಮ್ಮಾ... ಅದು ಖಾಲಿ ಇತ್ತು."

"ಯಾರು ಹೇಳಿದ್ದು? ಅವಳು ಒಳಗೆ ಸೇರ್ಕೊಂಡಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

"ಅವರೇ ಹೇಳಿದ್ರು ಖಾಲಿ ಅಂತ."

ಅಮ್ಮ ಅವಳನ್ನು ಕುರ್ಚಿಯ ಪಕ್ಕ ನೆಲದ ಮೇಲೆ ಕೂರಿಸಿಕೊಂಡು ಎಳೆಯೆಳೆಯಾಗಿ ಎಲ್ಲ ಕೇಳಿದಳು. ಎತ್ತಿ ನೋಡಿದೆ ಎಂಬಲ್ಲಿಗೆ ಬಂದಾಗ ಹಣೆ ಚಚ್ಚಿಕೊಂಡಳು.

"ಎತ್ತಬೇಡಿ, ಒಳಗಿನ ನೀರು ಸುರಿದುಹೋದ್ರೆ ಅಲ್ಲೇ ಸತ್ತುಹೋಗುತ್ತೆ ಅಂತ ನನಗೆ ಸಾರಿ ಸಾರಿ ಹೇಳಿ ಹೋಗಿದ್ದ ಕಣೇ. ನೀನು ಎತ್ತಿದೆ ಅಂದ ಕೂಡಲೇ ಸತ್ತಿದೆ ಅಂದ್ಕೊಂಡಿರ್ತಾನೆ. ನಿನ್ನ ಕೈಯಿಂದ ಸತ್ತಿತು ಅಂತ ಹೇಳೋಕೆ ಬಾಯಿ ಬಂದಿಲ್ಲ ಅವನಿಗೆ. ಮೋಸಗಾರ ಅನ್ನಿಸ್ಕೊಂಡು ಸುಮ್ಮನಾಗಿದಾನೆ, ಪೆದ್ದ."

ಅವಳು ಮಂಡಿಗೆ ಮುಖ ಒತ್ತಿಕೊಂಡಳು. ಒರೆಸಿದ್ದನ್ನೇ ಮತ್ತೆ ಒರೆಸಿದ ಆ ಕೈಗಳು...

"ಅವರಿಂದಾಗಿ ಸದ್ದು ನಿಂತುಹೋಯ್ತು ಅಂತಾನೂ ಸಿಟ್ಟು ನನಗೆ," ಎಂದಳು. "ನಿನಗೋಸ್ಕರ."

"ನನಗೋಸ್ಕರನಾ?" ಅಮ್ಮ ನಕ್ಕಳು. "ಹಗಲೆಲ್ಲ ಇದರ ಮುಂದೆ ಕೂತಿರೋಳು ನಾನು. ಅದು ಚಿಪ್ಪು ಹೊರೋದನ್ನ ಮೊದಲೇ ನೋಡಿದೀನಿ."

"ಮತ್ತೆ 'ಬಂದ' ಅಂತಿದ್ದೆ..."

"ಅಣ್ಣ ಹೋದ ಮೇಲೆ ನೀನು ಒಂದು ಸಲಾನೂ ಅಳಲಿಲ್ಲ. ಆ ಸದ್ದಾದಾಗ ಮಾತ್ರ ನಿನ್ನ ಕಣ್ಣು ತುಂಬ್ತಿತ್ತು. ಅಷ್ಟಾದ್ರೂ ಹಗುರಾಗಲಿ ಅಂತ ನಾನೂ ಹಾಗಂತಿದ್ದೆ."

ತಾನು ಅಮ್ಮನಿಗಾಗಿ ಮುಚ್ಚಿಟ್ಟದ್ದನ್ನೇ ಅಮ್ಮ ತನಗಾಗಿ ಮುಚ್ಚಿಟ್ಟಿದ್ದಳು. ಇಬ್ಬರ ನಡುವೆ ಸಿಕ್ಕಿದವನು ಇನ್ನೂ ದೊಡ್ಡದೊಂದನ್ನು ಮುಚ್ಚಿಟ್ಟು, ಬೈಸಿಕೊಂಡು ಹೋಗಿದ್ದ. ಅಂದು ಅವಳು ಅಮ್ಮನ ಮಡಿಲಲ್ಲಿ ಮುಖವಿಟ್ಟು ಮನಸಾರೆ ಅತ್ತಳು. ಅಣ್ಣನಿಗಾಗಿ, ಕೊನೆಗೂ.

ಅಮ್ಮ ಸೆರಗಿನಿಂದ ಅವಳ ಮುಖ ಒರೆಸಿದಳು.

"ಸಾಕು ಏಳು. ಮುಖ ತೊಳ್ಕೊಂಡು ಹೋಗು. ಅವನು ತಾನಾಗಿ ಬರೋದನ್ನ ಕಾದ್ರೆ ನಾಳೆ, ನಾಳೆ ಅಂತ ನಿನಗೆ ಕೂದಲು ನೆರೆಯುತ್ತೆ."

ನೆಲಮಾಳಿಗೆಯ ಬಾಗಿಲಿಗೆ ಸಣ್ಣದೊಂದು ಗಾಜಿನ ಕಿಂಡಿಯಿತ್ತು. ಅವನು ಬೆನ್ನು ತಿರುಗಿಸಿ ಪೈಪು ತೊಳೆಯುತ್ತಿದ್ದ. ಅವಳು ಉಂಗುರದಿಂದ ತಟ್ಟಿದಳು. ಟಕ್... ಟಕ್.

"ತಟ್ಟಬೇಡಿ," ಎಂದ ಅವನು ತಿರುಗದೆಯೇ. ಆಮೇಲೆ ಅವನ ಕೈ ನಿಂತಿತು.

"ಮರಿ ಹಾಕಿದೆ," ಎಂದಳು ಅವಳು.

"ಯಾವುದು?"

"ನಿಮ್ಮ ಖಾಲಿ ಚಿಪ್ಪು."

ಪೈಪು ಕೈಜಾರಿ ನೆಲವೆಲ್ಲ ನೀರಾಯಿತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಎತ್ತಿದಾಗ... ನೀವು ಬೋರಲು ಹಿಡೀಲಿಲ್ವಾ?"

"ಬಟ್ಟಲಿನ ಹಾಗೆ ಹಿಡಿದೆ. ಬೆಳಕಿಗೆ ಹಿಡಿಯೋ ಅಭ್ಯಾಸ ಅಲ್ವಾ. ನೀರು ಒಳಗೇ ಉಳಿದಿರಬೇಕು."

ಅವನು ಸ್ಟೂಲಿನ ಮೇಲೆ ಕೂತು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೋ ನಗುತ್ತಿದ್ದಾನೋ ಅವಳಿಗೆ ತಿಳಿಯಲಿಲ್ಲ. ಹತ್ತಿರ ಹೋಗಿ ನಿಂತಳು.

"ಯಾಕೆ ಸುಳ್ಳು ಹೇಳಿದ್ರಿ?"

"ನಿಮ್ಮ ಮನೇಲಿ ಆಗಲೇ ಒಂದು ಸಾವಿತ್ತು," ಎಂದ ಮೆಲ್ಲಗೆ. "ಇನ್ನೊಂದನ್ನ ನಿಮ್ಮ ಕೈಗೆ ಕೊಡೋಕೆ ಮನಸ್ಸು ಬರಲಿಲ್ಲ. ನಾನು ಕಳ್ಳ ಅಂದ್ರೆ ಬೈಯೋಕೆ ನಾನಾದ್ರೂ ಇರ್ತೀನಿ."

"ಬೈಸ್ಕೊಂಡು ಎಷ್ಟು ದಿನ ಇರ್ತಿದ್ರಿ?"

"ಇರ್ತಿದ್ದೆ. ನೀವು ಬೈಯೋಕಾದ್ರೂ ಇನ್ನೊಂದು ಸಲ ಬರ್ತೀರಿ ಅಂತ."

ಕನ್ನಡಕ ಮೇಜಿನ ಮೇಲೆ ಇಟ್ಟಲ್ಲೇ ಇತ್ತು. ಧೂಳು ಮಾತ್ರ ಇರಲಿಲ್ಲ, ದಿನಾ ಒರೆಸಿದ್ದಾನೆ. ಅವಳು ಅದನ್ನು ಬಿಡಿಸಿ ಅವನ ಕಿವಿಗಳ ಮೇಲೆ ಕೂರಿಸಿದಳು. ಕೂರಿಸಿದ ಕೈ ಕೆನ್ನೆಯ ಮೇಲೆಯೇ ಉಳಿಯಿತು.

"ಈಗ ಕಾಣಿಸ್ತಿದೆಯಾ?"

"ಹೂಂ."

"ನಾನು ಏನು ಹೇಳೋಕೆ ಬಂದಿದೀನಿ ಅಂತ ಗೊತ್ತಾಗ್ತಿದೆಯಾ?"

ಅವನ ಕಣ್ಣುಗಳು ಗಾಜಿನ ಹಿಂದೆ ಅರಳಿ, ಒದ್ದೆಯಾಗಿ ಕಂಡವು.

"ಅಮ್ಮನ ಹತ್ರ ನಾಳೆ ಬಂದು ಮಾತಾಡ್ಲಾ?" ಎಂದ.

"ನಾಳೆ ಅಲ್ಲ. ಇವತ್ತು. ಈಗ."

ಆ ಸಂಜೆ ಅಮ್ಮ ಅವನ ಕೈಗೆ ಚಹಾ ಕೊಟ್ಟು, ಹೆಚ್ಚೇನೂ ಕೇಳದೆ, ಇನ್ನು ಮೇಲೆ ಈ ಮನೆಗೆ ಬರಬೇಕಾದರೆ ಮೀನಿನ ನೆಪ ಬೇಡ ಎಂದಷ್ಟೇ ಹೇಳಿ ಒಳಗೆ ಹೋದಳು. ಅವರಿಬ್ಬರೂ ಅಕ್ವೇರಿಯಂ ಮುಂದೆ ನೆಲದ ಮೇಲೆ ಕೂತರು. ಮರಿಗಳನ್ನು ನೋಡಿ ನೋಡಿ ಸಾಕಾಗದೆ, ಕೊನೆಗೆ ಅವಳು ದೀಪ ಆರಿಸಿದಳು.

ಮಬ್ಬು ಕವಿಯಿತು. ಕಿಟಕಿಯ ಬೆಳಕಿನಲ್ಲಿ ಗಂಡು ಮೀನು ತನ್ನ ಚಿಪ್ಪಿನ ಮುಂದೆ ಅಲುಗಾಡದೆ ಕಾವಲು ನಿಂತಿತ್ತು. ಅವನು ಅವಳ ಕೈ ಹಿಡಿದುಕೊಂಡ. ಅಣ್ಣನ ಉಂಗುರ ಅವನ ಅಂಗೈಯೊಳಗೆ ಬೆಚ್ಚಗೆ ಸೇರಿತು.

ಟಕ್... ಟಕ್.

ಇಬ್ಬರೂ ಗಾಜಿನತ್ತ ಬಗ್ಗಿದರು. ಮೀನು ನಿಂತಲ್ಲೇ ಇತ್ತು. ಚಿಪ್ಪಿನ ರಾಶಿ ಕದಲಿರಲಿಲ್ಲ. ಉಂಗುರ ಅವನ ಮುಷ್ಟಿಯಲ್ಲೇ ಇತ್ತು.

ಅಡುಗೆಮನೆಯಿಂದ ಅಮ್ಮನ ದನಿ ಬಂತು: "ಮೀನಿಗೆ ಊಟ ಹಾಕೋದು ಮರೆತ್ರೇನೋ ನೋಡಿ."

"ಕೇಳಿಸ್ತಾ?" ಎಂದಳು ಅವಳು, ಪಿಸುಮಾತಿನಲ್ಲಿ.

"ಕೇಳಿಸ್ತು."

"ಏನು ಅದು? ನೀವು ಎಲ್ಲದಕ್ಕೂ ಹೆಸರು ಹೇಳ್ತೀರಲ್ಲ."

ಅವನು ಅವಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ನಾಳೆ ಹೇಳ್ತೀನಿ."